ಮಯಾಮಿಯವನಿಗೆ ಮೆಲ್ಲಗೊಂದು ಚಪ್ಪಾಳೆ

ಗೊವುಂಪ್ಕಿ ಎರಡನೇ ಸಲ ಬಿಸಿಯಾಗಿ ಎರಡನೇ ಸಲ ಆರುತ್ತಿತ್ತು. ಎಲೆಕೋಸಿನ ಎಲೆಯೊಳಗೆ ಮಾಂಸವನ್ನೂ ಅನ್ನವನ್ನೂ ಸುತ್ತಿ, ಟೊಮೆಟೊ ಗೊಜ್ಜಿನಲ್ಲಿ ಬೆಳಗಿಡೀ ಬೇಯಿಸಿದವಳಿಗೆ ಮಾತ್ರ ಗೊತ್ತು, ಅದನ್ನು ಆರಲು ಬಿಡುವವರ ಮೇಲೆ ಎಂಥ ಸಿಟ್ಟು ಬರುತ್ತದೆ ಎಂದು. ಲೊರೇನ್ ಗ್ರಾಬೊವ್ಸ್ಕಿ ಕೈಯಲ್ಲಿ ಸೌಟು ಹಿಡಿದೇ ನೆಲಮಾಳಿಗೆಯ ಬಾಗಿಲು ತೆಗೆದು ಕೂಗಿದಳು.

"ಜೀನ್! ಮಾರಿಸಾ! ಊಟಕ್ಕೆ ಬರ್ತೀರೋ, ಇಲ್ಲಾ ನಾಯಿಗೆ ಹಾಕ್ಲೋ?"

"ನಮ್ಮನೇಲಿ ನಾಯಿ ಎಲ್ಲಿದೆ ಅಮ್ಮಾ?" ಎಂದು ಕೆಳಗಿನಿಂದ ಮಗಳ ದನಿ.

"ತಂದು ಸಾಕ್ತೀನಿ!"

"ಒಂದು ಗಂಟೆಗೆ ಬೀಗ ಬೀಳತ್ತೆ ಕಣೇ," ಎಂದ ಗಂಡ. "ಅಲ್ಲೀವರೆಗೂ ನಮ್ಮನ್ನ ಬಿಟ್ಬಿಡು."

ಮೇಲೆ ಊಟದ ಮೇಜಿನ ತುದಿಯಲ್ಲಿ ಲೊರೇನಳ ಅತ್ತೆ ವ್ಯಾಂಡಾ, ಮನೆಮಂದಿಯೆಲ್ಲ ಬಾಬ್ಚಿ, ಅಂದರೆ ಅಜ್ಜಿ, ಎಂದು ಕರೆಯುವವಳು, ಚರ್ಚಿಗೆ ಹೋಗಿಬಂದ ಒಳ್ಳೆಯ ಉಡುಪಿನಲ್ಲೇ ಫೋರ್ಕು ಹಿಡಿದು ಕೂತಿದ್ದಳು. "ನನ್ನ ಕಾಲದಲ್ಲಿ ಗಂಡಸರು ಭಾನುವಾರ ಕುಡ್ದು ಊಟಕ್ಕೆ ಬರ್ತಿದ್ರು," ಎಂದಳು. "ಆದ್ರೂ ಬರ್ತಿದ್ರು."

ಇಬ್ಬರೂ ಹತ್ತಿ ಬಂದಾಗ ಒಂದು ದಾಟಿತ್ತು. ಟಿವಿಯಲ್ಲಿ ಆಟ ಶುರುವಾಗಿತ್ತು. ಜೀನ್ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಕೂತ. ಮಾರಿಸಾ ಫೋನು ನೋಡುತ್ತಾ ನಿಂತೇ ತಿಂದಳು. ಬಾಬ್ಚಿಗೂ ಸೊಸೆಗೂ ಇಡೀ ಮೇಜು ಉಳಿಯಿತು.

ಇದೆಲ್ಲ ಸೆಪ್ಟೆಂಬರಿನಲ್ಲಿ ಹತ್ತಿದ ಹುಚ್ಚು. ನಮ್ಮ ಚೀಕ್‌ಟವಾಗ ಊರಿನ ಅಗ್ನಿಶಾಮಕ ಠಾಣೆಯಾದ ಫೈರ್‌ಹಾಲ್‌ನವರು ಪ್ರತಿ ವರ್ಷ ಒಂದು ಪಂದ್ಯ ನಡೆಸುತ್ತಾರೆ. ಸೇರುವವರು ನಲವತ್ತು ಜನ. ಪ್ರತಿ ಭಾನುವಾರ ಎಲ್ಲರೂ ಕಂಪ್ಯೂಟರಿನಲ್ಲಿ ತಮ್ಮದೇ ಫುಟ್‌ಬಾಲ್ ತಂಡ ಕಟ್ಟಬೇಕು. ನಮ್ಮಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದು, ಓಡುವ ಆಟ. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಸುಳ್ಳು ಬೆಲೆ, ಕೈಯಲ್ಲಿ ಸುಳ್ಳು ದುಡ್ಡು, ಅಷ್ಟರಲ್ಲೇ ದೇಶದ ಯಾವ ತಂಡದಿಂದ ಬೇಕಾದರೂ ಒಂಬತ್ತು ಜಾಗ ತುಂಬಬೇಕು. ಒಂದು ಗಂಟೆಗೆ ಬೀಗ. ಆಮೇಲೆ ಆ ಆಟಗಾರರು ನಿಜವಾದ ಮೈದಾನದಲ್ಲಿ ಮಾಡಿದ್ದೆಲ್ಲ ನಿಮ್ಮ ಅಂಕ. ಡಿಸೆಂಬರಿನವರೆಗೆ ಕೂಡಿಸಿ, ಹೆಚ್ಚು ಬಂದವನಿಗೆ ಶುಕ್ರವಾರದ ಮೀನೂಟದ ಹೊತ್ತಿನಲ್ಲಿ, ಊರಿನವರೆಲ್ಲರ ಮುಂದೆ, ಹಿತ್ತಾಳೆಯ ಒಂದು ಕಪ್ಪು. ಅದನ್ನು ಕರಗಿಸಿದರೂ ಒಂದು ಬಾಗಿಲ ಹಿಡಿಕೆ ಆಗಲಾರದು.

ಬಸ್ ಓಡಿಸಿ ನಿವೃತ್ತನಾದ ಜೀನ್ ಆ ಫೈರ್‌ಹಾಲ್‌ನಲ್ಲಿ ಮೂವತ್ತು ವರ್ಷ ಸ್ವಯಂಸೇವಕನಾಗಿ ಬೆಂಕಿ ಆರಿಸಿದ್ದವನು. ಆದರೆ ಎರಡು ವರ್ಷದಿಂದ ಅದರ ಹೊಸ್ತಿಲು ತುಳಿದಿರಲಿಲ್ಲ. ಕಾರಣ ಊರಿಗೆಲ್ಲ ಗೊತ್ತು. ಮಾರಿಸಾಳ ಮದುವೆ ಅವನ ಜೀವದ ಗೆಳೆಯ ಡಿಕ್ ಪಾವ್ಲಾಕನ ಮಗನ ಜೊತೆ ನಿಶ್ಚಯವಾಗಿತ್ತು. ಮದುವೆ ಹಾಲ್ ಗೊತ್ತುಮಾಡಿಯಾಗಿತ್ತು, ಕೇಕಿಗೆ ಹೇಳಿಯಾಗಿತ್ತು. ಮೂರು ವಾರ ಇರುವಾಗ ಹುಡುಗಿ, "ಕೆವಿನ್ ಒಳ್ಳೇವ್ನೇ. ಆದ್ರೆ ನಂಗೆ ಈ ಮದುವೆ ಬೇಡ," ಎಂದುಬಿಟ್ಟಳು. ಕೆವಿನ್ ಎರಡು ತಿಂಗಳು ಮುಖ ಊದಿಸಿಕೊಂಡಿದ್ದು, ಆಮೇಲೆ ಫ್ಲಾರಿಡಾ ಕಡೆಯ ಹುಡುಗಿಯೊಬ್ಬಳನ್ನು ಮದುವೆಯಾಗಿ ಸುಖವಾಗಿದ್ದ. ಸುಖವಾಗಿಲ್ಲದವರು ಇಬ್ಬರು ಅಪ್ಪಂದಿರು ಮಾತ್ರ. ಜೀನ್ ಅಂದಿನಿಂದ ಮಗಳ ಜೊತೆ ಆಡುತ್ತಿದ್ದ ಮಾತೆಂದರೆ "ಉಪ್ಪು ಕೊಡು", "ಹಿಮ ಬೀಳ್ತಿದೆ, ನಿಧಾನ ಓಡ್ಸು." ಅಷ್ಟೇ.

ಅಂಥ ಜೀನ್ ಈ ಸಲ ಮನೆಯಲ್ಲೇ ಕೂತು ಪಂದ್ಯಕ್ಕೆ ಸೇರಿದ್ದ, ಕಂಪ್ಯೂಟರಿನಲ್ಲಾದರೆ ಯಾರ ಮುಖವನ್ನೂ ನೋಡಬೇಕಿಲ್ಲವಲ್ಲ ಎಂದು. ಮೊದಲ ವಾರವೇ ಮೂವತ್ತೇಳನೇ ಸ್ಥಾನ. ವಿಮೆ ಕಂಪನಿಯಲ್ಲಿ ಲೆಕ್ಕ ಹಾಕುವ ಕೆಲಸ ಮಾಡುವ ಮಾರಿಸಾ ಅವನ ಹೆಗಲ ಮೇಲಿಂದ ಬಗ್ಗಿ ನೋಡಿ, "ಅಪ್ಪ, ಈ ತಂಡ ಕಟ್ಟಿದ್ದು ನೀನಾ, ನಿನ್ನ ಟೋಪಿಯಾ?" ಎಂದಿದ್ದಳು. ಜೀನನ ಟೋಪಿಯ ಮೇಲೆ ನಮ್ಮ ಊರಿನ ತಂಡದ ಗುರುತಿತ್ತು. ಅವನ ಒಂಬತ್ತರಲ್ಲಿ ಆರು ಜನ ನಮ್ಮ ಊರಿನವರೇ.

"ಏನೇ ತಪ್ಪು ಅದ್ರಲ್ಲಿ?"

"ಪಕ್ಕಕ್ಕೆ ಸರಿ, ತೋರಿಸ್ತೀನಿ."

ಅಪ್ಪ ಸರಿದು ಜಾಗ ಕೊಟ್ಟ. ಅಂದಿನಿಂದ ಲೊರೇನಳ ಭಾನುವಾರಗಳು ಆರಿಹೋದವು.

ಒಂದು ತಿಂಗಳು ಸಹಿಸಿಕೊಂಡು, ಅಕ್ಟೋಬರಿನ ಒಂದು ಭಾನುವಾರ ಅವಳು ಕಾನೂನು ಹೊರಡಿಸಿದಳು. ಊಟ ಹನ್ನೆರಡಕ್ಕೆ. ಎಲ್ಲರೂ ಮೇಜಿಗೆ. ಫೋನುಗಳೆಲ್ಲ ಬ್ರೆಡ್ಡಿನ ಡಬ್ಬಿಯೊಳಗೆ.

"ನನ್ನ ಹತ್ರ ಫೋನೇ ಇಲ್ಲ," ಎಂದಳು ಬಾಬ್ಚಿ.

"ನಿಮ್ಮನ್ನ ಡಬ್ಬೀಲಿ ಹಾಕಲ್ಲ ಅತ್ತೆ, ಹೆದರ್ಬೇಡಿ."

ಹಾಗೆ ಎಲ್ಲರೂ ಮೇಜಿಗೆ ಬಂದರು. ಬಿಸಿ ಬಿಸಿ ಹುರಿದ ಹಂದಿಮಾಂಸ, ಹುಳಿ ಎಲೆಕೋಸು, ಆಲೂಗಡ್ಡೆ. ಲೊರೇನ್ ಎದೆಯುಬ್ಬಿಸಿ ಕೂತಳು. ಜೀನ್ ತಟ್ಟೆ ನೋಡಿಕೊಂಡು ತಿಂದ. ಮಾರಿಸಾ ಕಿಟಕಿ ನೋಡಿಕೊಂಡು ತಿಂದಳು.

"ಆಲೂಗಡ್ಡೆ," ಎಂದ ಜೀನ್. ಮಾರಿಸಾ ಆಲೂಗಡ್ಡೆ ಸರಿಸಿದಳು.

"ಎಲೆ ಗುಡಿಸ್ಬೇಕು," ಎಂದ ಇನ್ನೊಂದು ಗಳಿಗೆ ಬಿಟ್ಟು. ಯಾರಿಗೆ ಹೇಳಿದನೋ, ಮರಕ್ಕೇ ಗೊತ್ತು.

ಡಬ್ಬಿಯೊಳಗೆ ಫೋನು ಒಂದೇ ಸಮ ಕುಯ್‌ಗುಟ್ಟಿತು. ಅವರ ತಂಡದಲ್ಲಿದ್ದ ಒಬ್ಬ ಓಟಗಾರನಿಗೆ ಕಾಲು ನೋವು, ಆಡುವುದಿಲ್ಲ ಎಂಬ ಸುದ್ದಿ ಅದು. ಒಂದು ಗಂಟೆ ಆಯಿತು, ಬೀಗ ಬಿತ್ತು, ಆ ಜಾಗಕ್ಕೆ ಸೊನ್ನೆ ಬಂತು. ಗೊತ್ತಾದ ಮೇಲೂ ಜೀನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಲೊರೇನಳಿಗೆ. ಅವಳಿಗೆ ಬೇಕಾದ ಮೇಜು ಸಿಕ್ಕಿತ್ತು, ಆದರೆ ಅದರ ಸುತ್ತ ಇದ್ದದ್ದು ನಾಲ್ಕು ಬಾಯಿ, ಒಂದೂ ಮಾತಿಲ್ಲ.

ಮುಂದಿನ ಶನಿವಾರ ಅವಳು ಒಗೆಯುವ ಬಟ್ಟೆಯ ಬುಟ್ಟಿ ಹೊತ್ತು ನೆಲಮಾಳಿಗೆಗೆ ಇಳಿದಳು. ಬಟ್ಟೆ ಒಗೆಯುವ ಯಂತ್ರ ಇರುವುದು ಮನೆ ಬೆಚ್ಚಗಿಡುವ ಕುಲುಮೆಯ ಆ ಬದಿಗೆ. ಈ ಬದಿಗೆ ಕಂಪ್ಯೂಟರು. ಅಪ್ಪ, ಮಗಳು ಅವಳನ್ನು ನೋಡಲಿಲ್ಲ.

"ಈಗ ನೋಡಪ್ಪ, ನಾಳೆಯ ಆಟಾನ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಹತ್ತು ಸಾವಿರ ಸಲ ಆಡ್ಸುತ್ತೆ. ಇದಕ್ಕೆ ಸಿಮ್ಯುಲೇಶನ್ ಅಂತಾರೆ. ಹತ್ತು ಸಾವಿರ ಭಾನುವಾರ ಅಂದ್ಕೋ."

"ಹತ್ತು ಸಾವಿರ ಭಾನುವಾರ! ಅಷ್ಟು ಸಲ ಚರ್ಚಿಗೆ ಹೋಗಿದ್ರೆ ನಾನು ಪೋಪ್ ಆಗ್ತಿದ್ದೆ."

"ಅದ್ರಲ್ಲಿ ಆರು ಸಾವಿರ ಸಲ ನಮ್ಮೂರ ತಂಡದ ಕ್ವಾರ್ಟರ್‌ಬ್ಯಾಕ್ ಚೆನ್ನಾಗಿ ಎಸೀತಾನೆ."

"ನಾನ್ ಹೇಳ್ಲಿಲ್ವಾ? ಚಿನ್ನದ ಕೈ!"

"ಇರಪ್ಪ. ಅವನನ್ನ ಎಲ್ಲಾರೂ ತಗೊಂಡಿದ್ರೆ ನಿಂಗೇನು ಬಂತು? ಲಿಫ್ಟ್‌ನಲ್ಲಿ ಎಲ್ಲಾರೂ ಒಟ್ಟಿಗೆ ಮೇಲೆ ಹೋದ್ರೆ, ಯಾರಿಗಿಂತ ಯಾರು ಮೇಲೆ? ಒಬ್ಬ ಆಟಗಾರನ್ನ ನೂರಕ್ಕೆ ಎಷ್ಟು ಜನ ತಗೋತಾರೆ, ಅದಕ್ಕೆ ಒಡೆತನ ಅಂತಾರೆ. ಒಳ್ಳೇ ಆಟಗಾರ ಬೇಕು, ಆದ್ರೆ ಒಡೆತನ ಕಮ್ಮಿ ಇರೋನು ಬೇಕು. ಜನ ಮರೆತಿರೋನು."

"ಹಂಗಾದ್ರೆ ನನ್ನನ್ನೇ ಹಾಕು. ನನ್ನ ಒಡೆತನ ಸೊನ್ನೆ."

ಮಾರಿಸಾ ನಕ್ಕಳು. ಜೀನನೂ ನಕ್ಕ. ಎರಡು ವರ್ಷದಿಂದ ಕೇಳದ ನಗು, ಒಗೆಯುವ ಯಂತ್ರದ ಗಡಗಡದ ನಡುವೆಯೂ ಕೇಳಿಸಿತು. ಲೊರೇನ್ ಆ ಬದಿಯಲ್ಲಿ ನಿಂತು ಒಂದೇ ಟವೆಲನ್ನು ಮೂರು ಸಲ ಮಡಿಸಿದಳು. ಅಯ್ಯೋ ದೇವರೇ, ಇದನ್ನ ನಾನೇ ನಿಲ್ಲಿಸೋಕೆ ಹೊರಟಿದ್ನಲ್ಲ ಎಂದುಕೊಂಡು, ಬುಟ್ಟಿ ಅಲ್ಲೇ ಬಿಟ್ಟು, ಹೆಜ್ಜೆ ಸಪ್ಪಳವಾಗದ ಹಾಗೆ ಮೇಲೆ ಹತ್ತಿದಳು.

ನಮ್ಮ ಬೀದಿಯ ಮನೆಗಳಲ್ಲೆಲ್ಲ ನೆಲಮಾಳಿಗೆಯಲ್ಲಿ ಎರಡನೇ ಒಲೆ ಇರುತ್ತದೆ. ಹಬ್ಬದ ಅಡುಗೆ, ಹುಳಿ ಎಲೆಕೋಸು, ಮೀನು, ವಾಸನೆಯದ್ದೆಲ್ಲ ಅಲ್ಲಿ. ಮೇಲಿನ ಅಡುಗೆಮನೆ ನೆಂಟರಿಗೆ ತೋರಿಸಲಿಕ್ಕೆ. ಆದರೆ ಬೇಯಿಸುವುದು ಮಾತ್ರ ಕೆಳಗೆ, ತಿನ್ನುವುದು ಮೇಲೆ. ಇದು ಬಾಬ್ಚಿಯ ಅತ್ತೆಯ ಕಾಲದಿಂದ ಬಂದ ನೇಮ. ಭಾನುವಾರ ಬೆಳಿಗ್ಗೆ ಲೊರೇನ್ ಆ ಕೆಳಗಿನ ಒಲೆ ಹಚ್ಚಿದಳು. ಮಡಿಸುವ ಮೇಜು ಬಿಡಿಸಿ, ಹೂವಿನ ಮೇಜುವಸ್ತ್ರ ಹಾಸಿದಳು.

"ನೆಲಮಾಳಿಗೇಲಿ ಊಟವಾ?" ಬಾಬ್ಚಿ ಮೆಟ್ಟಿಲ ಮೇಲೆ ನಿಂತು ಶಿಲುಬೆ ಗುರುತು ಮಾಡಿಕೊಂಡಳು. "ಬಾಂಬ್ ಬೀಳ್ತಿದ್ಯಾ?"

"ಅವರು ಮೇಲೆ ಬರಲ್ಲ ಅತ್ತೆ. ನಾವೇ ಇಳಿಯೋಣ."

"ಇಲ್ಲಿ ಎಲೆಕೋಸು ಕೊಳೆಸ್ತೀವಿ ಕಣೇ. ಮನುಷ್ಯರು ತಿನ್ನೋ ಜಾಗ ಅಲ್ಲ."

ಹಾಗೆಂದವಳು ಮೊಮ್ಮಗಳ ತೋಳು ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದಳು. ಕುಲುಮೆಯ ಬಿಸಿಗೆ ಕಾಲು ಚಾಚಿ ಕೂತ ಮೇಲೆ, "ಇಲ್ಲಿ ಬೆಚ್ಚಗಿದೆ. ಇಷ್ಟು ವರ್ಷ ಯಾಕೆ ಮೇಲೆ ಕೂತು ನಡುಗಿದ್ವಿ?" ಎಂದು ಕೇಳಿದ್ದೂ ಅವಳೇ.

ಜೀನ್ ಮೇಜನ್ನೂ ಹೆಂಡತಿಯನ್ನೂ ನೋಡಿದ. "ಬ್ರೆಡ್ ಡಬ್ಬಿ ಎಲ್ಲಿ?"

"ಅದ್ರಲ್ಲಿ ಬ್ರೆಡ್ ಇದೆ," ಎಂದಳು ಲೊರೇನ್. "ತಿನ್ರಿ. ಮಾತಾಡ್ಕೊಂಡು ತಿನ್ರಿ."

ಆ ಊಟದ ನಡುವೆಯೇ ಒಂದು ಸಂಗತಿ ಹೊರಬಿತ್ತು. ಮಾರಿಸಾ ಪರದೆ ನೋಡಿ ಓದುತ್ತಿದ್ದಳು. "ನಮ್ಮ ಕ್ವಾರ್ಟರ್‌ಬ್ಯಾಕ್, ಒಡೆತನ ನೂರಕ್ಕೆ ಹನ್ನೆರಡು. ಪರವಾಗಿಲ್ಲ, ತಗೋಬಹುದು."

ಗೊಜ್ಜು ಬಡಿಸುತ್ತಿದ್ದ ಲೊರೇನ್ ಗೊಳ್ಳೆಂದು ನಕ್ಕಳು. "ಹನ್ನೆರಡಾ? ಯಾವೂರಲ್ಲಿ?"

"ದೇಶದಲ್ಲಿ ಅಮ್ಮ."

"ದೇಶ ಕಟ್ಕೊಂಡು ಏನ್ ಮಾಡ್ತೀಯಾ? ನೀವು ಆಡ್ತಿರೋದು ಫೈರ್‌ಹಾಲ್‌ನವರ ಜೊತೆ. ಅವನ ಕೈಗೆ ಕಟ್ಟು ಹಾಕಿ ಮಲಗಿಸಿದ್ರೂ ಆ ನಲವತ್ತು ಜನ ಅವನನ್ನೇ ತಗೋತಾರೆ."

ಮಾರಿಸಾಳ ಫೋರ್ಕು ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. "ಅಮ್ಮ. ಇನ್ನೊಂದ್ಸಲ ಹೇಳು."

"ಏನು ಹೇಳೋದು? ನಾನು ಕೆಲಸ ಮಾಡೋ ಅಂಗಡಿಯ ಮಾಂಸದ ಕೌಂಟರ್‌ನಲ್ಲಿ ದಿನಾ ಇವರದ್ದೇ ಕೇಳ್ತೀನಿ. ರೇ ಇದಾನಲ್ಲ, ಅವನು ಎತ್ತರದೋರ್ನ ಮಾತ್ರ ತಗೋತಾನೆ. ಬಡ್ ಹೋದ ವಾರ ಯಾರು ಚೆನ್ನಾಗಿ ಆಡಿದ್ರೋ ಅವರನ್ನ ಈ ವಾರ ತಗೋತಾನೆ."

"ಬಡ್ ಹೆಂಡ್ತೀನೂ ಹಾಗೇ," ಎಂದಳು ಬಾಬ್ಚಿ. "ಬಿಂಗೋದಲ್ಲಿ ಹೋದ ವಾರ ಗೆದ್ದ ಕುರ್ಚಿ ಬಿಟ್ಟು ಏಳಲ್ಲ."

"ಅಪ್ಪ," ಎಂದಳು ಮಾರಿಸಾ, "ನಾವು ಇಡೀ ದೇಶದ ಒಡೆತನ ಹಿಡ್ಕೊಂಡು ಬಡ್‌ನ ಜೊತೆ ಆಡ್ತಾ ಇದ್ವಿ."

ಅಲ್ಲಿಂದ ಮುಂದೆ ಆ ಮನೆಯ ವಾರಗಳಿಗೆ ಬೇರೆಯದೇ ರುಚಿ. ಲೊರೇನ್ ಹ್ಯಾಮ್ ಕತ್ತರಿಸುತ್ತಾ ಗಿರಾಕಿಗಳನ್ನು ಮಾತಿಗೆಳೆಯುತ್ತಿದ್ದಳು. "ಈ ವಾರ ಯಾರು ಓಡ್ತಾರೋ ಏನೋಪ್ಪ, ನಂಗೇನು ತಿಳಿಯತ್ತೆ," ಎಂದರೆ ಸಾಕು, ಗಂಡಸರು ಹೊಟ್ಟೆಯಲ್ಲಿದ್ದದ್ದೆಲ್ಲ ಕಾರುತ್ತಿದ್ದರು. ಬಾಬ್ಚಿ ಬಿಂಗೋದಿಂದ ಸುದ್ದಿ ತರುತ್ತಿದ್ದಳು. ಮಾರಿಸಾ ಅದನ್ನೆಲ್ಲ ಯಂತ್ರಕ್ಕೆ ಉಣಿಸುತ್ತಿದ್ದಳು. ಎಲ್ಲವೂ ನಿಜವಾಗುತ್ತಿತ್ತೆಂದಲ್ಲ. ರೇ ಈ ಸಲ ಖಂಡಿತ ಇಂಥವನನ್ನು ತಗೋತಾನೆ ಎಂದು ಲೊರೇನ್ ಆಣೆಯಿಟ್ಟ ವಾರ ರೇ ತಂಡ ಕಟ್ಟುವುದನ್ನೇ ಮರೆತು ಬೇಟೆಗೆ ಹೋಗಿದ್ದ.

"ನಿಮ್ಮಮ್ಮನ ಬೇಹುಗಾರಿಕೆ!" ಎಂದು ಜೀನ್ ಮಗಳಿಗೆ ಹೇಳಿ ಹಂಗಿಸಿದ.

"ನಿಮ್ಮಮ್ಮನದು ಇನ್ನೂ ಚೆಂದ," ಎಂದು ಲೊರೇನ್ ತಿರುಗಿಸಿದಳು. "ಸತ್ತು ಎರಡು ವರ್ಷ ಆದವನ ತಂಡ ಹೇಳಿದ್ರು."

"ಅವನು ಸತ್ನಾ?" ಎಂದು ಬಾಬ್ಚಿ ಬೆರಗಾದಳು. "ನಂಗ್ಯಾರೂ ಹೇಳೇ ಇಲ್ಲ."

ಜಗಳಗಳೂ ಇದ್ದವು. ಒಂದು ವಾರ ನಮ್ಮ ಕ್ವಾರ್ಟರ್‌ಬ್ಯಾಕ್‌ನನ್ನೇ ಬಿಡೋಣ ಎಂದಳು ಮಾರಿಸಾ. ಜೀನ್ ಊಟ ಬಿಟ್ಟು ಎದ್ದು ಹೋಗಿ ಗ್ಯಾರೇಜಿನಲ್ಲಿ ಕೂತ. ಲೊರೇನ್ ಪಿಯೆರೋಗಿ ಕಡುಬಿನ ತಟ್ಟೆ ಹಿಡಿದು ಹೋಗಿ ಕರೆತರಬೇಕಾಯಿತು. ಆದರೂ ಎಲೆಗಳು ಉದುರಿ ಮೊದಲ ಹಿಮ ಬೀಳುವ ಹೊತ್ತಿಗೆ ಮೂವತ್ತೇಳನೇ ಸ್ಥಾನದವರು ಮೂರನೆಯದಕ್ಕೆ ಬಂದಿದ್ದರು. ಮೊದಲನೇ ಸ್ಥಾನದಲ್ಲಿ ಡಿಕ್ ಪಾವ್ಲಾಕ್. ಅವನ ಹೆಸರು ಪರದೆಯ ಮೇಲೆ ಬಂದಾಗಲೆಲ್ಲ ಜೀನ್ ಪರದೆಯ ಕೆಳಭಾಗ ನೋಡುತ್ತಿದ್ದ.

ಕೊನೆಯ ಭಾನುವಾರ ಬಂತು. ನಮ್ಮೂರಲ್ಲೇ ಮಯಾಮಿಯವರೊಡನೆ ಆಟ. ಹಿತ್ತಲಲ್ಲಿ ಮೊಣಕಾಲುದ್ದ ಹಿಮ. ಕೆಳಗಿನ ಒಲೆಯ ಮೇಲೆ ಬೀಟ್‌ರೂಟಿನ ಸಾರು ಕುದಿಯುತ್ತಿತ್ತು. ಮಾರಿಸಾ ಹತ್ತು ಸಾವಿರ ಭಾನುವಾರಗಳನ್ನು ಆಡಿಸಿ ಮುಗಿಸಿ, ಅಪ್ಪನ ಕಡೆ ತಿರುಗಿದಳು.

"ಅಪ್ಪ, ಮೊದ್ಲು ಸಾರು ಕುಡಿ. ಆಮೇಲೆ ಹೇಳ್ತೀನಿ."

"ಈಗ್ಲೇ ಹೇಳು."

"ನಮ್ಮ ಕ್ವಾರ್ಟರ್‌ಬ್ಯಾಕ್ ಇರ್ಲಿ. ಎಲ್ಲಾರ ಹತ್ರಾನೂ ಇರ್ತಾನೆ, ಇರ್ಲಿ. ಅವನ ಜೊತೆಗೆ ಹಾಲ್ಬರ್ಟ್‌ನ ಹಾಕ್ಬೇಕು."

ಜೀನ್ ಚಮಚ ಕೆಳಗಿಟ್ಟ. ಡೆಸ್ಮಂಡ್ ಹಾಲ್ಬರ್ಟ್ ಎಂದರೆ ಮಯಾಮಿಯ ಚೆಂಡು ಹಿಡಿಯುವವನು. ಹೋದ ವರ್ಷ ಇಲ್ಲಿಗೆ ಬಂದು, ನಮ್ಮವರನ್ನು ಸೋಲಿಸಿ, ನಮ್ಮ ಜನರ ಕಡೆ ತಿರುಗಿ ಮುತ್ತು ಹಾರಿಸಿ ಹೋದವನು. ಈ ಊರಿನಲ್ಲಿ ಅವನ ಹೆಸರನ್ನು ಮಕ್ಕಳ ಮುಂದೆ ಹೇಳುವುದಿಲ್ಲ.

"ಸತ್ರೂ ಆಗಲ್ಲ," ಎಂದ.

"ಕೇಳಪ್ಪ. ನಾವು ಗೆಲ್ತಾ ಇದ್ರೆ ಅವರು ಎಸೀಲೇಬೇಕು. ಎಸೆದ್ರೆ ಇವನಿಗೇ ಎಸೀಬೇಕು. ನಮ್ಮೂರು ಗೆಲ್ಲೋದಕ್ಕೂ ಇವನು ಅಂಕ ತರೋದಕ್ಕೂ ಜಗಳಾನೇ ಇಲ್ಲ. ಮತ್ತೆ ಅಮ್ಮ, ಫೈರ್‌ಹಾಲ್‌ನಲ್ಲಿ ಇವನ ಒಡೆತನ ಎಷ್ಟು?"

"ಸೊನ್ನೆ," ಎಂದಳು ಲೊರೇನ್ ತಡಮಾಡದೆ. "ಯಾವನಾದ್ರೂ ಹಾಕಿದ್ರೆ ಅವನ ಮನೆ ಕಿಟಕಿ ಉಳಿಯಲ್ಲ."

"ನೋಡು! ಡಿಕ್‌ಗೂ ನಮಗೂ ಹದಿನೈದು ಅಂಕ ಅಂತರ. ಇವನಿಲ್ದೆ ದಾಟಕ್ಕಾಗಲ್ಲ. ಇವನಿದ್ರೆ ಗೆಲ್ಲಬಹುದು."

"ನಂಗೆ ಗೆಲ್ಲೋದು ಬೇಡ."

"ಮತ್ಯಾಕೆ ಆಡಿದ್ದು ಮೂರು ತಿಂಗ್ಳು?"

"ಸುಮ್ನೆ ಆಡ್ದೆ! ಗೆದ್ರೆ ಅಲ್ಲಿಗೆ ಹೋಗ್ಬೇಕಲ್ಲೇ! ಹೋಗಿ, ಆ ಜನರ ಮುಂದೆ ನಿಂತ್ಕೊಂಡು ಕಪ್ಪು ತಗೋಬೇಕಲ್ಲ!"

ಸಾರಿನ ಪಾತ್ರೆಯ ಮುಚ್ಚಳ ಕಟಕಟ ಎಂದಿತು. ಲೊರೇನ್ ಒಲೆ ಸಣ್ಣ ಮಾಡಿದಳು. ಮೂರು ತಿಂಗಳು ಹದವಾಗಿ ಬೆಂದದ್ದು ಈಗ ತಳ ಹತ್ತಿತಲ್ಲ ಎಂದು ಅವಳಿಗೆ ಅಳುವೇ ಬಂತು.

ಮಾರಿಸಾ ಮೆಲ್ಲಗೆ ಕೇಳಿದಳು. "ಇನ್ನೂ ನನ್ನಿಂದ ನಾಚ್ಕೆ ಆಗತ್ತಾ ಅಪ್ಪ?"

"ನಿನ್ನಿಂದ ಅಲ್ಲ." ಜೀನ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. "ನನ್ನಿಂದ. ನೀನು ಮದುವೆ ಬೇಡ ಅಂದ ದಿನ ಫೈರ್‌ಹಾಲ್‌ಗೆ ಹೋಗಿದ್ದೆ. ಎಲ್ಲಾರೂ ಇದ್ರು. ಡಿಕ್ ಏನೋ ಅಂದ. ನಾನು ಎದ್ದು ನಿಂತು, ಅವಳು ನನ್ನ ಮಗಳೇ ಅಲ್ಲ ಅಂದ್ಬಿಟ್ಟೆ. ಜೋರಾಗಿ ಅಂದೆ. ನೀನು ಯಾಕೆ ಬೇಡ ಅಂದೆ ಅಂತ ನಿನ್ನ ಒಂದು ಮಾತೂ ಕೇಳಿರ್ಲಿಲ್ಲ."

"ನಂಗೊತ್ತು."

"ಏನ್ ಗೊತ್ತು?"

"ಅವತ್ತೇ ಗೊತ್ತಾಯ್ತು. ಇದು ಚೀಕ್‌ಟವಾಗ ಅಪ್ಪ. ನೀನು ಮನೆಗೆ ಬರೋಕೆ ಮುಂಚೆ ಮಾತು ಬಂದಿತ್ತು."

"ಮತ್ತೆ ಎರಡು ವರ್ಷ ಒಂದು ಸಲಾನೂ ಅನ್ಲಿಲ್ಲ?"

"ನೀನೇ ಹೇಳ್ತೀಯಾ ಅಂತ ಕಾದೆ."

ಜೀನ್ ಕಣ್ಣು ಒರೆಸಿಕೊಳ್ಳಲು ಮೇಜುವಸ್ತ್ರದ ಅಂಚನ್ನೇ ಎಳೆದ. ಬೇರೆ ದಿನವಾಗಿದ್ದರೆ ಲೊರೇನ್ ಕೈಗೆ ಹೊಡೆಯುತ್ತಿದ್ದಳು.

"ತಪ್ಪಾಯ್ತು ಮಗಳೇ," ಎಂದ.

ಮಾರಿಸಾ ತನ್ನ ಕುರ್ಚಿಯನ್ನು ಅವನ ಕುರ್ಚಿಗೆ ತಾಗುವಂತೆ ಎಳೆದುಕೊಂಡಳು. ಭುಜಕ್ಕೆ ಭುಜ ಒತ್ತಿ ಕೂತಳು. ಬಾಬ್ಚಿ ಇಬ್ಬರನ್ನೂ ನೋಡಿ, ಗಡಿಯಾರ ನೋಡಿ, "ಒಂದಾಗ್ತಾ ಬಂತು," ಎಂದಳು. "ಅಳೋದಾದ್ರೆ ಆಮೇಲೆ ಅಳಿ. ಆ ಮುತ್ತು ಹಾರಿಸೋ ಹುಡುಗನ್ನ ಹಾಕ್ತೀರೋ ಇಲ್ವೋ?"

"ಹೆಸರು ನಾನು ಹೇಳಲ್ಲ," ಎಂದ ಜೀನ್. ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದ. ಒತ್ತಿದ ಮೇಲೆ ಟೋಪಿಯನ್ನು ತಿರುಗಿಸಿಟ್ಟ, ಊರ ತಂಡದ ಗುರುತು ಗೋಡೆಯ ಕಡೆಗೆ.

ಬೀಗ ಬಿತ್ತು.

ಆ ಮಧ್ಯಾಹ್ನದ ಆಟದಂಥದನ್ನು ಆ ಮನೆ ಹಿಂದೆ ಕಂಡಿರಲಿಲ್ಲ. ನಮ್ಮವರು ಎಸೆದರು, ಗೋಲುಗೆರೆ ದಾಟಿದರು, ಮನೆ ಕುಣಿಯಿತು. ಮಯಾಮಿಯವರು ತಿರುಗಿ ಎಸೆದರು, ಹಾಲ್ಬರ್ಟ್ ಮೂವರ ನಡುವೆ ಹಾರಿ ಹಿಡಿದು ಗೆರೆ ದಾಟಿದ. ಬೀದಿಯಲ್ಲೆಲ್ಲ ಬೈಗುಳ ಕೇಳಿಸಿತು.

"ಹೋ!" ಎಂದು ಜೀನ್ ಕೂಗಿ ತನ್ನ ಬಾಯಿ ತಾನೇ ಮುಚ್ಚಿಕೊಂಡ.

"ಮೆಲ್ಲಗೆ ಕೂಗೋ!" ಎಂದು ಬಾಬ್ಚಿ ಗದರಿಸಿದಳು. "ಪಕ್ಕದ ಮನೆಯವ್ರು ಕೇಳಿಸ್ಕೋತಾರೆ. ಮಾರಿಸಾ, ಕಿಟಕಿ ಪರದೆ ಎಳಿ."

ಪರದೆ ಎಳೆದರು. ಹಾಲ್ಬರ್ಟ್ ಇನ್ನೊಂದು ಹಿಡಿದಾಗ ನಾಲ್ವರೂ ಕೈಗವಸು ಹಾಕಿಕೊಂಡವರಂತೆ ಸದ್ದಿಲ್ಲದೆ ಚಪ್ಪಾಳೆ ತಟ್ಟಿದರು. ಕೊನೆಗೆ ನಮ್ಮೂರೇ ಗೆದ್ದಿತು. ಆಗ ಮಾತ್ರ ಪರದೆ ಸರಿಸಿ, ಬೀದಿಯ ಜೊತೆ ಸೇರಿ ಹೊಟ್ಟೆತುಂಬ ಕೂಗಿದರು.

ಮಾರಿಸಾ ಪಂದ್ಯದ ಪಟ್ಟಿ ತೆರೆದಳು. ಅವಳ ಮುಖ ನೋಡಿ ಲೊರೇನ್ ಸೌಟು ಕೆಳಗಿಟ್ಟಳು. "ಏನಾಯ್ತು?"

"ಎರಡನೇ ಸ್ಥಾನ. ಡಿಕ್ ಮೊದಲು."

"ಹೇಗೆ? ಹಾಲ್ಬರ್ಟ್ ಇದ್ನಲ್ಲ!"

"ಡಿಕ್ ಹತ್ರಾನೂ ಇದ್ದ."

ಎಲ್ಲರೂ ಬಗ್ಗಿ ನೋಡಿದರು. ಬೀಗ ಬಿದ್ದ ಮೇಲೆ ಎಲ್ಲರ ತಂಡವೂ ಎಲ್ಲರಿಗೂ ಕಾಣುತ್ತದೆ. ನಲವತ್ತರಲ್ಲಿ ಎರಡು ತಂಡದಲ್ಲಿ ಮಾತ್ರ ಆ ಹೆಸರಿತ್ತು. ಗ್ರಾಬೊವ್ಸ್ಕಿ, ಪಾವ್ಲಾಕ್.

ಲೊರೇನ್ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಬುದ್ಧೀಗೆ! ಕೆವಿನ್ ಹೆಂಡ್ತಿ ಫ್ಲಾರಿಡಾದವಳು, ಮಯಾಮಿ ಅವಳ ಕಡೆಯ ತಂಡ! ವಾರ ವಾರ ನನ್ನ ಹತ್ರಾನೇ ಟರ್ಕಿ ತಗೋತಾಳೆ, ಬಸುರಿ ಬೇರೆ. ಅವಳು ಕೇಳಿದ್ರೆ ಆ ಮುದುಕ ಇಲ್ಲ ಅಂತಾನಾ?"

ಜೀನ್ ಮಾತ್ರ ದೊಡ್ಡ ಉಸಿರು ಬಿಟ್ಟು ಕುರ್ಚಿಗೆ ಒರಗಿದ. "ಸರಿ ಬಿಡಿ. ಗೆದ್ದಿದ್ರೆ ತಾನೇ ಹೋಗ್ಬೇಕಿದ್ದಿದ್ದು."

ಮಾರಿಸಾ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು. ಲೊರೇನ್ ಸಾರಿನ ಪಾತ್ರೆ ಉಜ್ಜಿದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಶುಕ್ರವಾರ ಅವಳು ಕೆಲಸ ಮುಗಿಸಿ ಮನೆಗೆ ಬಂದಾಗ ಒಲೆಯ ಮೇಲೆ ಏನೂ ಇರಲಿಲ್ಲ. ಜೀನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾರಿನ ಮೇಲಿನ ಹಿಮ ಕೆರೆದು, ಬಾಗಿಲಲ್ಲಿ ನಿಂತಿದ್ದ. ಬಾಬ್ಚಿ ಕೋಟು ಹಾಕಿ ಆಗಲೇ ಕಾರಿನಲ್ಲಿ ಕೂತಿದ್ದಳು.

"ಎಲ್ಲಿಗೆ?" ಎಂದಳು ಲೊರೇನ್.

"ಮೀನು ತಿನ್ನೋಕೆ."

"ಗೆದ್ದಿಲ್ವಲ್ಲ?"

"ಮೀನು ತಿನ್ನೋಕೆ ಗೆಲ್ಲಬೇಕೇನೇ?" ಎಂದು ಸಿಡುಕಿ, ಮೆಟ್ಟಿಲ ಕಡೆ ತಿರುಗಿ ಕೂಗಿದ. "ಮಾರಿಸಾ! ಬರ್ತೀಯೋ, ಇಲ್ಲ ನಾಯಿಗೆ ಹಾಕಿಸ್ಲೋ?"

ಫೈರ್‌ಹಾಲ್ ಕಿಕ್ಕಿರಿದಿತ್ತು. ಕರಿದ ಮೀನಿನ, ಬಿಯರಿನ, ಒದ್ದೆ ಬೂಟುಗಳ ವಾಸನೆ. ಜೀನ್ ಒಳಗೆ ಕಾಲಿಟ್ಟದ್ದೇ ತಡ, ಮಾತೆಲ್ಲ ನಿಂತಿತು. ಲೊರೇನ್ ಅವನ ತೋಳು ಹಿಡಿದಳು. ಆಗ ಬಡ್ ತನ್ನ ಲೋಟ ಎತ್ತಿ, "ದ್ರೋಹಿ ಬಂದಾ!" ಎಂದು ಗಂಟಲು ಹರಿಯುವಂತೆ ಕೂಗಿದ. ಇಡೀ ಹಾಲ್ ಬೂ ಎಂದು ಊಳಿಟ್ಟಿತು. ಅಡುಗೆಮನೆಯ ಬಾಗಿಲು ಬಂದು ಬಂದು ಕುರ್ಚಿಗೆ ಬಡಿಯುವ ಮೂಲೆಯಲ್ಲಿ ಒಂದು ಮೇಜು, ಅದರ ಮೇಲೆ 'ಮಯಾಮಿ' ಎಂದು ಬರೆದ ರಟ್ಟು. ಅಲ್ಲಿ ಡಿಕ್ ಪಾವ್ಲಾಕ್ ಒಬ್ಬನೇ ಕೂತಿದ್ದ. ಎದುರಿಗೆ ಹಿತ್ತಾಳೆ ಕಪ್ಪು, ಅದರ ತುಂಬ ಯಾರೋ ಹಾಕಿದ ಎಲೆಕೋಸಿನ ಕೋಸಂಬರಿ.

ಡಿಕ್ ಎದುರಿನ ಕುರ್ಚಿಯನ್ನು ಕಾಲಿನಿಂದ ತಳ್ಳಿದ. "ಕೂತ್ಕೋ ಮಾರಾಯ. ಒಬ್ಬನೇ ಬೈಸ್ಕೊಂಡು ಸಾಕಾಯ್ತು."

ಜೀನ್ ಕೂತ. "ಸೊಸೆ ಹೇಳಿದ್ಳಾ?"

"ಅಳ್ತಾಳೆ ಕಣೋ. ಬಸುರಿ ಹೆಂಗಸು, ಏನ್ ಮಾಡ್ಲಿ?" ಡಿಕ್ ಮಾರಿಸಾಳ ಕಡೆ ನೋಡಿದ, ಕಪ್ಪಿನ ಕಡೆ ನೋಡಿದ, ಕಿವಿ ಕೆಂಪಾಯಿತು. "ನಮ್ಮನೆಗೆ ಇನ್ನೊಂದು ತಿಂಗಳಲ್ಲಿ ಮಗು ಬರತ್ತೆ, ಮಾರಿಸಾ. ನೀನವತ್ತು ಬೇಡ ಅಂದದ್ದು... ಒಳ್ಳೇದೇ ಆಯ್ತಮ್ಮ. ಹೇಳ್ಬೇಕು ಅಂತ ಎಷ್ಟೋ ದಿನದಿಂದ ಇತ್ತು."

"ಅಭಿನಂದನೆ ಅಂಕಲ್," ಎಂದಳು ಮಾರಿಸಾ. "ಆದ್ರೆ ಮುಂದಿನ ವರ್ಷ ಬಿಡಲ್ಲ."

ಅಷ್ಟರಲ್ಲಿ ರೇ ಮೈಕು ಹಿಡಿದು ಎದ್ದ. "ಎರಡನೇ ಸ್ಥಾನ, ಗ್ರಾಬೊವ್ಸ್ಕಿ! ಏ ಜೀನ್, ಎದ್ದು ನಿಂತ್ಕೋ. ಮೂವತ್ತು ವರ್ಷ ನಮ್ಮ ಜೊತೆ ಬೆಂಕಿ ಆರಿಸಿದವನು ನೀನು. ಆ ಮಯಾಮಿಯವನನ್ನ ಹಾಕು ಅಂತ ನಿನಗೆ ಯಾರಯ್ಯಾ ಹೇಳಿಕೊಟ್ಟಿದ್ದು?"

ಜೀನ್ ಎದ್ದು ನಿಂತ.

"ನನ್ನ ಮಗಳು," ಎಂದ.

"ಕೇಳಿಸ್ಲಿಲ್ಲ!" ಎಂದು ಹಿಂದಿನ ಸಾಲು ಕೂಗಿತು.

"ಇವಳು!" ಜೀನ್ ಮಾರಿಸಾಳ ಕೈ ಹಿಡಿದು ಮೇಲೆತ್ತಿದ. ಎರಡು ವರ್ಷದ ಹಿಂದೆ ಅದೇ ಸೂರಿನ ಕೆಳಗೆ ಕೂಗಿದ್ದಕ್ಕಿಂತ ಜೋರಾಗಿ ಕೂಗಿದ. "ನನ್ನ ಮಗಳು! ನನ್ನ ಮಗಳು ಹೇಳಿಕೊಟ್ಟಿದ್ದು!"

ಇಡೀ ಹಾಲ್ ಮೇಜು ಗುದ್ದುತ್ತಾ ಅವಳಿಗೂ ಮನಸಾರೆ ಬೂ ಎಂದಿತು. ಮಾರಿಸಾ ನಗುತ್ತಾ, ಅಳುತ್ತಾ, ಎಲ್ಲರ 'ಬೂ'ಗೂ ಸೊಂಟ ಬಗ್ಗಿಸಿ ವಂದಿಸಿದಳು. "ಇನ್ನೂ ಜೋರಾಗಿ!" ಎಂದು ಬಾಬ್ಚಿ ಊರುಗೋಲು ಬಡಿದಳು. ಮೇಜಿನ ಮೇಲೆ ಐದು ತಟ್ಟೆ ಮೀನು ಆರುತ್ತಿತ್ತು. ಲೊರೇನ್ ಅದನ್ನು ನೋಡಿದಳು, ಆರಲಿ ಎಂದು ಬಿಟ್ಟಳು.